ಸೋರುವ ನಲ್ಲಿಗೆ ಹೊಸ ವಾಶರ್

ಟಪ್... ಟಪ್... ಟಪ್...

ರಾತ್ರಿ ಎಲ್ಲರೂ ಮಲಗಿದ ಮೇಲೆ ಬಚ್ಚಲಮನೆಯಿಂದ ಈ ಸದ್ದು ಕೇಳುತ್ತದೆ. ಎದ್ದು ಹೋಗಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸುತ್ತೇವೆ. ಸದ್ದು ನಿಲ್ಲುತ್ತದೆ. ನಾಲ್ಕು ದಿನ ಬಿಟ್ಟು ಮತ್ತೆ ಶುರು. ಈ ಸಲ ಇನ್ನೂ ಜೋರಾಗಿ ತಿರುಗಿಸಬೇಕು. ಕೊನೆಗೆ ಎಷ್ಟು ತಿರುಗಿಸಿದರೂ ನೀರು ನಿಲ್ಲೋದಿಲ್ಲ.

ಹೀಗೆ ಬಿಗಿ ಮಾಡಿದಷ್ಟೂ ನಲ್ಲಿ ಕೆಡುತ್ತದೆ. ಯಾಕೆ ಅಂತ ತಿಳಿಯಬೇಕಾದರೆ ನಲ್ಲಿಯ ಹೊಟ್ಟೆಯೊಳಗೆ ಏನಿದೆ ನೋಡಬೇಕು.

ಒಳಗೆ ನೀರು ಬರಲು ಒಂದು ದುಂಡನೆ ತೂತು ಇದೆ. ತೂತಿನ ಅಂಚಿಗೆ ಸೀಟು ಅನ್ನುತ್ತಾರೆ. ಅದರ ಮೇಲೆ ಒಂದು ರಬ್ಬರ್ ಬಿಲ್ಲೆ ಕೂರುತ್ತೆ. ಅದೇ ವಾಶರ್. ಹಿಡಿ ತಿರುಗಿಸಿದರೆ ತಿರುಪು ಕೆಳಗಿಳಿದು ವಾಶರನ್ನು ಒತ್ತುತ್ತದೆ. ಸೀಸೆಗೆ ಬಿರಡೆ ಹಾಕಿದ ಹಾಗೆ ತೂತು ಮುಚ್ಚುತ್ತದೆ. ದಿನಾ ಒತ್ತಿಸಿಕೊಂಡು ವಾಶರ್ ಸವೆಯುತ್ತದೆ. ಜೋರಾಗಿ ಬಿಗಿ ಮಾಡಿದರೆ ಸೀಟಿನ ಅಂಚು ಅದನ್ನು ಕೊಯ್ಯುತ್ತದೆ. ಆಮೇಲೂ ಬಿಗಿ ಮಾಡುತ್ತಲೇ ಇದ್ದರೆ ಲೋಹಕ್ಕೆ ಲೋಹ ಉಜ್ಜಿ ಸೀಟೇ ಹಾಳಾಗುತ್ತದೆ. ಆಗ ಇಡೀ ನಲ್ಲಿಗೆ ದುಡ್ಡು ಕೊಡಬೇಕು. ವಾಶರಿನಲ್ಲಿ ಮುಗಿಯುವ ಕೆಲಸ ಅದು!

ಹನಿ ತಾನೆ, ಹೋಗಲಿ ಅಂತೀರಾ? ಲೆಕ್ಕ ಹಾಕೋಣ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. 20 ಹನಿಗೆ 1 ಮಿಲಿಲೀಟರ್ ಅಂತ ಹಿಡಿದರೂ ದಿನಕ್ಕೆ 4 ಲೀಟರಿಗಿಂತ ಹೆಚ್ಚು. ತಿಂಗಳಿಗೆ ಸುಮಾರು 130 ಲೀಟರ್. 15 ಲೀಟರಿನ ಕೊಡದಲ್ಲಿ ಎಂಟು ಕೊಡ ದಾಟಿತು. ಎಂಟು ಕೊಡ ಹೊತ್ತವರಿಗೇ ಗೊತ್ತು ಅದರ ಭಾರ. ಬೆಂಗಳೂರಿಗೆ 1974ರಿಂದ ಕಾವೇರಿ ನೀರು ಬರುತ್ತಿದೆ. ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುತ್ತಾರೆ. ಹಳ್ಳಿಯ ಬೋರ್‌ವೆಲ್ ನೀರಿಗೂ ಕರೆಂಟು ಬೇಕು. ಸೋರುವ ನಲ್ಲಿ ಕೆಳಗೆ ಬಕೆಟ್ ಇಟ್ಟು ಮರೆಯುವವರೂ ಇದ್ದಾರೆ. ಅದು ಇನ್ನೂ ಅಪಾಯ. ನಿಂತ ಒಳ್ಳೆ ನೀರಿನಲ್ಲೇ ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡೋದು.

ಸರಿ, ಕೆಲಸಕ್ಕೆ ಬನ್ನಿ. ಇದು ಗಂಡಸರೇ ಮಾಡಬೇಕಾದ ಕೆಲಸವೇನೂ ಅಲ್ಲ. ಒಂದು ಸ್ಪ್ಯಾನರ್, ಒಂದು ತುಂಡು ಬಟ್ಟೆ, ಹೊಸ ವಾಶರ್ ಇದ್ದರೆ ಸಾಕು. ಸ್ಪ್ಯಾನರ್ ಇನ್ನೊಂದು ಸಿಕ್ಕರೆ ಒಳ್ಳೇದು.

ಮೊದಲು ನೀರು ನಿಲ್ಲಿಸಿ. ಟ್ಯಾಂಕಿನ ಹತ್ತಿರ ವಾಲ್ವ್ ಇದ್ದರೆ ಮುಚ್ಚಿ. ಬೀದಿಯಿಂದ ನೇರ ಬರುವ ನಲ್ಲಿಯಾದರೆ ನೀರು ಬಿಡದ ಹೊತ್ತಿನಲ್ಲಿ ಕೆಲಸ ಮಾಡಿ. ಪೈಪಿನಲ್ಲಿ ಉಳಿದ ನೀರು ಹರಿದುಹೋಗಲಿ. ನಲ್ಲಿಯನ್ನು ತೆರೆದೇ ಇಡಿ. ಮುಚ್ಚಿದ ನಲ್ಲಿಯನ್ನು ಬಿಚ್ಚಲು ಹೋದರೆ ಒಳಗಿನ ತಿರುಪು ಸೀಟನ್ನು ಒತ್ತಿಕೊಂಡಿರುತ್ತೆ.

ಹಿಡಿಯ ಕೆಳಗೆ ಆರು ಮೂಲೆಯ ದಪ್ಪ ನಟ್ಟು ಕಾಣುತ್ತದೆ. ಅದಕ್ಕೆ ಬಟ್ಟೆ ಸುತ್ತಿ, ಸ್ಪ್ಯಾನರಿನಿಂದ ಎಡಕ್ಕೆ ತಿರುಗಿಸಿ. ಇನ್ನೊಂದು ಕೈಯಲ್ಲಿ, ಆದರೆ ಇನ್ನೊಂದು ಸ್ಪ್ಯಾನರಿನಲ್ಲಿ, ನಲ್ಲಿಯ ಮೈಯನ್ನು ಅಲುಗದಂತೆ ಹಿಡಿಯಿರಿ. ಇದು ಬಹಳ ಮುಖ್ಯ. ಹಿಡಿಯದೆ ತಿರುಗಿಸಿದರೆ ಗೋಡೆಯೊಳಗಿನ ಪೈಪೇ ತಿರುಗಿ ಮುರಿದೀತು. ಹಳೇ ಪೈಪಿಗೆ ತುಕ್ಕು ಹಿಡಿದಿದ್ದರೆ ಇನ್ನೂ ಹುಷಾರು.

ಮೇಲಿನ ಭಾಗ ಕೈಗೆ ಬಂತು. ಒಳಗೆ ಅಣಬೆಯಂಥ ಒಂದು ಪುಟ್ಟ ತುಂಡು ಇರುತ್ತೆ. ಅದರ ತಳದಲ್ಲಿ ಹಳೇ ವಾಶರ್ ಅಂಟಿಕೊಂಡಿರುತ್ತೆ. ಕೆಲವದಕ್ಕೆ ಚಿಕ್ಕ ನಟ್ಟು ಹಾಕಿರುತ್ತಾರೆ, ಬಿಚ್ಚಿ. ಹಳೇದನ್ನೇ ಅಂಗಡಿಗೆ ಒಯ್ದು ಅಳತೆ ನೋಡಿ ಹೊಸದು ತನ್ನಿ. ಮನೆಯ ನಲ್ಲಿ ಸಾಮಾನ್ಯವಾಗಿ ಅರ್ಧ ಇಂಚಿನದು. ಪೊಟ್ಟಣದ ಮೇಲೆ ಅಳತೆ, ಬೆಲೆ ಇದ್ದರೆ ನೀವೇ ಓದಿ. ಅಂಗಡಿ ಬಾಗಿಲು ಹಾಕಿದ್ದರೆ ಹಳೇ ವಾಶರನ್ನು ಮಗುಚಿ ಹಾಕಿದರೂ ಕೆಲವು ದಿನ ನಡೆಯುತ್ತದೆ.

ಹೊಸದು ಹಾಕುವ ಮೊದಲು ಸೀಟಿನ ಮೇಲೆ ಬೆರಳಾಡಿಸಿ. ಮರಳು, ಸುಣ್ಣದ ಪದರ ಇದ್ದರೆ ಒರೆಸಿ. ಗಡಸು ನೀರಿನ ಊರುಗಳಲ್ಲಿ ಬಿಳಿ ಪದರ ಬೇಗ ಕೂರುತ್ತೆ. ಕಚ್ಚು ಬಿದ್ದಂತೆ ಬೆರಳಿಗೆ ತಾಗಿದರೆ ವಾಶರ್ ಬಹಳ ದಿನ ಬಾಳೋದಿಲ್ಲ. ನಲ್ಲಿಯನ್ನೇ ಬದಲಿಸಬೇಕಾದೀತು.

ಬಿಚ್ಚಿದ ಕ್ರಮವನ್ನೇ ಹಿಂದಿನಿಂದ ಮಾಡುತ್ತಾ ಜೋಡಿಸಿ. ನಲ್ಲಿ ಮುಚ್ಚಿ, ನೀರನ್ನು ನಿಧಾನವಾಗಿ ಬಿಡಿ. ನೀರು ನಿಂತ ಕೂಡಲೇ ಕೈ ಬಿಡಿ. ಇನ್ನೊಂದು ತಿರುವು ಬೇಡ.

ಬಾಯಿಂದ ಸೋರದೆ ಹಿಡಿಯ ಬುಡದಲ್ಲಿ ನೀರು ಒಸರುತ್ತಿದ್ದರೆ ತಪ್ಪು ವಾಶರಿನದಲ್ಲ. ಹಿಡಿಯ ಕೆಳಗಿನ ಚಿಕ್ಕ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿ. ಆಗಲೂ ನಿಲ್ಲದಿದ್ದರೆ ನೀರು ನಿಲ್ಲಿಸಿ ಅದನ್ನು ಬಿಚ್ಚಿ, ಒಳಗಿನ ಕಡ್ಡಿಗೆ ಟೆಫ್ಲಾನ್ ದಾರ ಸುತ್ತಿ. ಬಚ್ಚಲಿನ ಷವರಿಗೆ ನೀರು ಬಿಡುವ ಹಳೇ ತಿರುಪಿನ ವಾಲ್ವಿನೊಳಗೂ ಇದೇ ವಾಶರ್ ಇರುತ್ತದೆ. ಕಾಲು ಸುತ್ತಿಗೇ ನಿಲ್ಲುವ ಹೊಸ ನಲ್ಲಿಗಳದು ಬೇರೆ. ಹೆಚ್ಚಿನವುಗಳಲ್ಲಿ ಸೆರಾಮಿಕ್ ಬಿಲ್ಲೆಗಳಿರುವ ಕಾರ್ಟ್ರಿಜ್ ಇರುತ್ತೆ. ಅದನ್ನೇ ಬದಲಿಸಬೇಕು.

ಅಂಗಡಿಗೆ ಹೋದಾಗ ಎರಡು ವಾಶರ್ ತನ್ನಿ. ಒಂದನ್ನು ದಾರಕ್ಕೆ ಪೋಣಿಸಿ ಬಚ್ಚಲಮನೆಯ ಮೊಳೆಗೆ ನೇತು ಹಾಕಿ.