ಇಂಡೀಸಿನ ರಾಜನಿಗೆ ಈಟಿಯೇಟು

ಚೌಕದ ಅಂಚಿನಲ್ಲಿ ಒಬ್ಬ ರಾಜ ನಿಂತಿದ್ದಾನೆ. ಎಡಗೈಯಲ್ಲಿ ಗುರಾಣಿ, ಬಲಗೈಯಲ್ಲಿ ಚಾವಟಿ. ಎದುರಿನಿಂದ ಕುದುರೆಯೊಂದು ನಾಗಾಲೋಟದಲ್ಲಿ ಬರುತ್ತಿದ್ದರೂ ಅವನು ಕದಲುವುದಿಲ್ಲ, ಕಣ್ಣು ಮಿಟುಕಿಸುವುದಿಲ್ಲ. ಸವಾರನ ಕಂಕುಳಲ್ಲಿ ಉದ್ದನೆಯ ಈಟಿ. ಅದರ ಮೊನೆ ಗುರಾಣಿಗೆ ತಾಗಿದ್ದೇ ತಡ, ರಾಜ ಗಿರ್ರನೆ ತಿರುಗುತ್ತಾನೆ. ಚಾವಟಿಯ ತುದಿಯಲ್ಲಿರುವ ಗುಂಡುಗಳು ಸವಾರನ ಬೆನ್ನು ಹುಡುಕಿಕೊಂಡು ಬರುತ್ತವೆ. ತಪ್ಪಿಸಿಕೊಂಡನೇ? ಸಾವಿರಾರು ಜನ ಒಮ್ಮೆಲೇ ಉಸಿರು ಬಿಡುತ್ತಾರೆ.

ರಾಜನೆಂದರೆ ಒಂದು ಗೊಂಬೆ. ಊರು ಇಟಲಿಯ ಟಸ್ಕನಿ ಪ್ರಾಂತದ ಅರೆಟ್ಸೊ. ಫ್ಲಾರೆನ್ಸ್‌ನಿಂದ ರೈಲು ಹತ್ತಿದರೆ ಸುಮಾರು ಒಂದು ಗಂಟೆಯ ದಾರಿ. ಅಲ್ಲಿ ವರ್ಷಕ್ಕೆ ಎರಡು ಬಾರಿ, ಜೂನ್ ತಿಂಗಳ ಒಂದು ಶನಿವಾರ ರಾತ್ರಿ ಮತ್ತು ಸೆಪ್ಟೆಂಬರ್‌ನ ಮೊದಲ ಭಾನುವಾರ ಮಧ್ಯಾಹ್ನ, ‘ಜೋಸ್ತ್ರಾ ದೆಲ್ ಸರಚೀನೊ’ ಎಂಬ ಈಟಿಯಾಟ ನಡೆಯುತ್ತದೆ. ಆಟದ ಅಂಗಳ ಪಿಯಾಟ್ಸಾ ಗ್ರಾಂದೆ ಎಂಬ ಇಳಿಜಾರು ಚೌಕ. ರೊಬೆರ್ತೊ ಬೆನಿನ್ಯಿಯ 1997ರ ‘ಲೈಫ್ ಈಸ್ ಬ್ಯೂಟಿಫುಲ್’ ಚಿತ್ರ ನೋಡಿದವರಿಗೆ ಈ ಚೌಕ ಅಪರಿಚಿತವೇನಲ್ಲ. ಆಟಕ್ಕೆಂದು ಅದರ ಕಲ್ಲುಹಾಸಿನ ಮೇಲೆ ಮಣ್ಣು ಸುರಿದು, ಗಟ್ಟಿ ಮಾಡಿ, ಕುದುರೆ ಓಡುವ ಓಣಿಯೊಂದನ್ನು ಸಿದ್ಧಪಡಿಸುತ್ತಾರೆ.

ಊರಿನಲ್ಲಿ ನಾಲ್ಕು ಕೇರಿಗಳು. ಪೋರ್ತಾ ಕ್ರುಚೀಫೆರಾದವರದು ಕೆಂಪು-ಹಸಿರು, ಸಾಂತ್ ಆಂದ್ರೆಯಾದವರದು ಬಿಳಿ-ಹಸಿರು, ದೆಲ್ ಫೋರೊದವರದು ಹಳದಿ-ಕಡುಗೆಂಪು, ಸಾಂತೊ ಸ್ಪಿರಿತೊದವರದು ಹಳದಿ-ನೀಲಿ. ಪ್ರತಿ ಕೇರಿಗೂ ತನ್ನದೇ ಕಚೇರಿ, ಮುಖ್ಯಸ್ಥ, ಸವಾರರನ್ನು ನೋಡಿಕೊಳ್ಳುವ ನಾಯಕ, ಕುದುರೆಲಾಯ ಎಲ್ಲ ಇವೆ. ಅಜ್ಜ ಯಾವ ಬಣ್ಣದವನೋ ಮೊಮ್ಮಗಳೂ ಸಾಮಾನ್ಯವಾಗಿ ಅದೇ ಬಣ್ಣದವಳು. ಆಟ ಹತ್ತಿರ ಬಂದಂತೆ ಕಿಟಕಿಗಳಿಂದ ಬಾವುಟಗಳು ಇಳಿಬೀಳುತ್ತವೆ. ಬೀದಿಯಲ್ಲೇ ಉದ್ದನೆಯ ಮೇಜು ಹಾಕಿ ಕೇರಿಯವರೆಲ್ಲ ಕೂಡಿ ಉಣ್ಣುತ್ತಾರೆ. ಬಡಿಸುವವರೂ ಪಾತ್ರೆ ತೊಳೆಯುವವರೂ ಕೇರಿಯವರೇ. ತಿಂಗಳುಗಟ್ಟಲೆ ನಗಾರಿ, ಕಹಳೆ, ಬಾವುಟ ಎಸೆತಗಳ ಅಭ್ಯಾಸ ಮಾಡಿದ ಹುಡುಗ ಹುಡುಗಿಯರಿಗೆ ಊರ ಮುಂದೆ ನಿಲ್ಲುವ ದಿನ ಅದು.

ಅಂದು ಬೆಳಿಗ್ಗೆ ಮದ್ದಿನ ಸದ್ದು ಊರನ್ನು ಎಬ್ಬಿಸುತ್ತದೆ. ಸವಾರರು ತಮ್ಮ ತಮ್ಮ ಕೇರಿಯ ಚರ್ಚಿನಲ್ಲಿ ಆಶೀರ್ವಾದ ಪಡೆಯುತ್ತಾರೆ. ಆಮೇಲೆ ಮೆರವಣಿಗೆ: ಮುನ್ನೂರಕ್ಕೂ ಹೆಚ್ಚು ಜನ ಹಳೆಯ ಕಾಲದ ವೇಷದಲ್ಲಿ ಚೌಕಕ್ಕೆ ಇಳಿಯುತ್ತಾರೆ. ಬಾವುಟಗಳು ಮುಗಿಲಿಗೆ ಹಾರಿ ತಿರುಗಿ ಕೈಗೇ ಬಂದು ಬೀಳುವ ಆಟ ನೋಡಿದವರು ಮರೆಯುವುದುಂಟೇ! ಸಾರುವವನು ಬುರಾಟ್ಟೊನ ಸವಾಲನ್ನು ಪದ್ಯದಲ್ಲಿ ಓದುತ್ತಾನೆ. ಗೊಂಬೆಯ ಹೆಸರು ಬುರಾಟ್ಟೊ. ಬಿರುದು ‘ಇಂಡೀಸಿನ ರಾಜ’!

ಯಾವ ಇಂಡೀಸ್, ಯಾವ ರಾಜ? ಆ ಕಾಲದ ಯೂರೋಪಿನಲ್ಲಿ ‘ಇಂಡೀಸ್’ ಎಂದರೆ ದೂರದ, ಸಿರಿವಂತ, ಕಣ್ಣಿಗೆ ಕಾಣದ ನಾಡು ಎಂದಷ್ಟೇ ಅರ್ಥ. ‘ಸಾರಾಸೆನ್’ ಎಂಬುದು ಅರಬರಿಗೂ ಮುಸ್ಲಿಮರಿಗೂ ಇಟ್ಟ ಹೆಸರು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಕಡಲಾಚೆಯ ಹಡಗುಗಳ ದಾಳಿಗೆ ಇಟಲಿಯ ಕರಾವಳಿ ಹೆದರಿದ್ದಾಗ, ಆ ಭಯವನ್ನೂ ಹಗೆಯನ್ನೂ ಒಂದು ಗೊಂಬೆಗೆ ತೊಡಿಸಿ ಸವಾರರು ಅದಕ್ಕೆ ಈಟಿ ಇರಿದರು. ನಮ್ಮ ಕಣ್ಣಿಗೆ ಅದು ಹಿತವಾಗಿ ಕಾಣದಿದ್ದರೆ ಆಶ್ಚರ್ಯವಿಲ್ಲ.

ಆದರೆ ಇದೇ ಸೀಮೆಯಲ್ಲಿ ಇನ್ನೊಂದು ಕಥೆಯೂ ಇದೆ. ಅರೆಟ್ಸೊ ಜಿಲ್ಲೆಯ ತೆರ್ರನುವೋವಾ ಎಂಬ ಊರಿನಲ್ಲಿ 1380ರಲ್ಲಿ ಹುಟ್ಟಿದ ಪೋಜ್ಯೊ ಬ್ರಾಚ್ಯೊಲೀನಿ ಎಂಬ ವಿದ್ವಾಂಸ, ಪೂರ್ವ ದೇಶಗಳನ್ನು ಸುತ್ತಿ ಬಂದ ವೆನಿಸ್ ಸೀಮೆಯ ವರ್ತಕ ನಿಕೊಲೊ ಕೊಂಟಿಯನ್ನು ಕೂರಿಸಿಕೊಂಡು ಅವನ ಅನುಭವಗಳನ್ನು ಲ್ಯಾಟಿನ್ನಿನಲ್ಲಿ ಬರೆದಿಟ್ಟ. ಕೊಂಟಿ 1420ರ ಸುಮಾರಿಗೆ ನಮ್ಮ ವಿಜಯನಗರವನ್ನು ನೋಡಿದ್ದವನು. ಬೆಟ್ಟಗಳವರೆಗೆ ಹಬ್ಬಿದ ಕೋಟೆ, ಹಗಲಿರುಳು ಉರಿಯುವ ಹಬ್ಬದ ದೀಪಗಳು, ರಾಜ ರಾಣಿಯರನ್ನೂ ಬಿಡದೆ ಎಲ್ಲರ ಮೇಲೂ ಎರಚುವ ಕೇಸರಿ ನೀರು - ಎಲ್ಲವೂ ಆ ಬರಹದಲ್ಲಿವೆ. ಬುರಾಟ್ಟೊಗೆ ಬಿರುದು ಕೊಟ್ಟವರಿಗೆ ಇಂಡೀಸಿನ ರಾಜ ಬರಿಯ ಬೆದರುಗೊಂಬೆ. ಆದರೆ ನಿಜವಾದ ರಾಜನ ಊರಿನ ವರ್ಣನೆಯನ್ನು ಅದೇ ಸೀಮೆಯವನೊಬ್ಬ ಅದಕ್ಕೂ ಮೊದಲೇ ಬರೆದಿಟ್ಟಿದ್ದ!

ಇನ್ನು ಆಟದ ಲೆಕ್ಕ. ಕೇರಿಗೆ ಇಬ್ಬರು ಸವಾರರು, ಒಟ್ಟು ಎಂಟು ಓಟ. ಗುರಾಣಿಯ ಮೇಲೆ ಒಂದರಿಂದ ಐದರವರೆಗೆ ಅಂಕಗಳ ಮನೆಗಳಿವೆ, ನಡುವಿನದಕ್ಕೆ ಐದು. ಈಟಿ ಮುರಿದರೆ ಅಂಕ ಇಮ್ಮಡಿ. ಚಾವಟಿಯ ಏಟು ತಿಂದರೆ ಅಂಕ ಕಡಿತ. ಇಲ್ಲೊಂದು ಭೌತಶಾಸ್ತ್ರದ ಪಾಠವೂ ಅಡಗಿದೆ. ಬಾಗಿಲನ್ನು ತಿರುಗಣಿಯ ಹತ್ತಿರ ತಳ್ಳಿದರೆ ಅದು ಕಷ್ಟದಿಂದ ತೆರೆಯುತ್ತದೆ, ಅಂಚಿನಲ್ಲಿ ತಳ್ಳಿದರೆ ಸಲೀಸು. ಗೊಂಬೆ ನಿಂತಿರುವುದು ಒಂದು ಗೂಟದ ಮೇಲೆ, ಗುರಾಣಿ ಇರುವುದು ಚಾಚಿದ ತೋಳಿನ ತುದಿಯಲ್ಲಿ. ಅಲ್ಲಿಗೆ ಬಿದ್ದ ಪೆಟ್ಟು ಇಡೀ ಗೊಂಬೆಯನ್ನು ತಿರುಗಿಸುತ್ತದೆ. ಎಡಗೈ ಹಿಂದೆ ಸರಿದರೆ ಬಲಗೈ ಮುಂದೆ ಬರಲೇಬೇಕಲ್ಲ! ಸವಾರ ಹೊಡೆದ ಬಲವೇ ಚಾವಟಿಯಾಗಿ ಅವನತ್ತ ಮರಳುತ್ತದೆ. ಗುರಿ ತಪ್ಪದಂತೆ ಕುದುರೆಯನ್ನು ಹಿಡಿಯಬೇಕು, ಚಾವಟಿ ಬರುವುದರೊಳಗೆ ದಾಟಿಹೋಗುವಂತೆ ಓಡಿಸಲೂ ಬೇಕು. ಆಟವೆಲ್ಲ ಇರುವುದು ಈ ಇಕ್ಕಟ್ಟಿನಲ್ಲಿ.

ಒಂದು ಓಟ ಕೆಲವೇ ಕ್ಷಣ. ಆಮೇಲೆ ತೀರ್ಪುಗಾರರು ಈಟಿಯ ಮೊನೆ ಬಿಟ್ಟ ಗುರುತನ್ನು ನೋಡಿ ಅಂಕ ಸಾರುವವರೆಗಿನ ಹೊತ್ತು ಮಾತ್ರ ಉದ್ದ, ಬಲು ಉದ್ದ. ಅಂಕ ಕೇಳಿದೊಡನೆ ಒಂದು ಮೂಲೆಯಲ್ಲಿ ಕುಣಿತ, ಇನ್ನೊಂದರಲ್ಲಿ ಸಿಳ್ಳೆ, ಕೂಗಾಟ. ಗಮನಿಸಿದರೆ ಆ ಕೂಗುಗಳಲ್ಲಿ ಒಂದೂ ಬುರಾಟ್ಟೊನ ಮೇಲಲ್ಲ. ಶತ್ರುವೆಂದು ನಿಲ್ಲಿಸಿದ ಗೊಂಬೆಯ ಮೇಲೆ ಇಂದು ಯಾರಿಗೂ ಸಿಟ್ಟಿಲ್ಲ. ಸಿಟ್ಟೇನಿದ್ದರೂ ಪಕ್ಕದ ಕೇರಿಯ ಮೇಲೆ, ನಿನ್ನೆಯವರೆಗೆ ಒಂದೇ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುತ್ತಿದ್ದವರ ಮೇಲೆ!

ಆಟ ಮಧ್ಯಯುಗದಿಂದ ಒಂದೇ ಸಮನೆ ನಡೆದುಬಂದಿದೆ ಎಂದು ಪ್ರವಾಸಿಗರು ತಿಳಿಯುವುದುಂಟು. ಹಾಗೇನಿಲ್ಲ. ಈಗಿನ ರೂಪ ಹುಟ್ಟಿದ್ದು 1931ರಲ್ಲಿ, ಮುಸೊಲಿನಿಯ ಕಾಲದಲ್ಲಿ. ಹಳೆಯ ವೈಭವವನ್ನು ಮೆರೆಸುವ ಹಬ್ಬಗಳಿಗೆ ಆಗ ಸರ್ಕಾರದ ಒತ್ತಾಸೆಯಿತ್ತು. ಎರಡನೆಯ ಮಹಾಯುದ್ಧದಲ್ಲಿ ನಿಂತುಹೋದದ್ದು 1948ರಲ್ಲಿ ಮತ್ತೆ ಆರಂಭವಾಯಿತು. 2020ರಲ್ಲಿ ಕೋವಿಡ್‌ನಿಂದಾಗಿ ಚೌಕ ಖಾಲಿ ಉಳಿಯಿತು. ಸರ್ಕಾರ ಮೆರೆಸಿದ ಹಬ್ಬವನ್ನು ಉಳಿಸಿಕೊಂಡವರು ಮಾತ್ರ ಈ ಕೇರಿಯವರು.

ಅಂಕ ಸಮವಾದರೆ ಮತ್ತೆ ಓಟ. ಕೊನೆಗೆ ಗೆದ್ದ ಕೇರಿಗೆ ಬಂಗಾರದ ಈಟಿ ಸಿಗುತ್ತದೆ. ಅದನ್ನು ಪ್ರತಿ ಸಲವೂ ಹೊಸದಾಗಿ ಕೆತ್ತಿಸುತ್ತಾರೆ. ಅದನ್ನೆತ್ತಿಕೊಂಡು ಜನ ಗುಡ್ಡದ ಮೇಲಿನ ಕೆಥೆಡ್ರಲ್‌ಗೆ ನಡೆದು, ದೇವರಿಗೆ ಕೃತಜ್ಞತೆಯ ಹಾಡು ಹಾಡುತ್ತಾರೆ. ಉಳಿದ ಮೂರು ಕೇರಿಗಳವರು ಬಾವುಟ ಸುತ್ತಿಕೊಂಡು ಮನೆಯ ದಾರಿ ಹಿಡಿಯುತ್ತಾರೆ. ಜೂನ್‌ನಲ್ಲಿ ಸೋತವರಿಗೆ ಸೆಪ್ಟೆಂಬರ್ ದೂರವಿಲ್ಲ. ಸೆಪ್ಟೆಂಬರ್‌ನಲ್ಲಿ ಸೋತವರು ಮಾತ್ರ ಇಡೀ ಚಳಿಗಾಲವನ್ನು ಆ ಒಂದು ಅಂಕದ ಮಾತಿನಲ್ಲೇ ಕಳೆಯಬೇಕು.