ಕ್ಷಯಿಸುವ ಹಾಗೂ ಆನುವಂಶಿಕ ನರರೋಗಗಳು: ಕಾರಣ, ತಪಾಸಣೆ ಮತ್ತು ಚಿಕಿತ್ಸೆ

ಮೆದುಳು, ಬೆನ್ನುಹುರಿ, ನರಗಳು ಹಾಗೂ ಅವುಗಳ ಆಜ್ಞೆಯಂತೆ ಚಲಿಸುವ ಸ್ನಾಯುಗಳು ಕ್ರಮೇಣ ಶಕ್ತಿಗುಂದುತ್ತಾ ಹೋಗುವ ಕಾಯಿಲೆಗಳನ್ನು ಕ್ಷಯಿಸುವ ನರರೋಗಗಳೆಂದು ಕರೆಯಲಾಗುತ್ತದೆ. ಇವುಗಳಲ್ಲಿ ಹಲವು ವಂಶವಾಹಿಯ ದೋಷದಿಂದ ಬರುತ್ತವೆ. ಎಲ್ಲವೂ ಗುಣವಾಗದ ಕಾಯಿಲೆಗಳೆಂಬ ಭಾವನೆ ಸಾರ್ವಜನಿಕರಲ್ಲಿದೆ. ಇದು ಪೂರ್ಣ ನಿಜವಲ್ಲ.

ಹಿರೇಕೊಡಿಗೆ ಸೇರಿದಂತೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಭಾಗದ ಮಲೆನಾಡಿನಲ್ಲಿ ಯಾರದಾದರೂ ನಡಿಗೆ ಕೆಟ್ಟರೆ ಹಂದಿಗೋಡು ಕಾಯಿಲೆಯ ನೆನಪಾಗುವುದು ಸಹಜ. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಗುರುತಿಸಲ್ಪಟ್ಟ ಈ ಕಾಯಿಲೆಗೆ ಕೀಟನಾಶಕ ಬೆರೆತ ಗದ್ದೆಯ ಏಡಿಯನ್ನು ತಿಂದದ್ದೇ ಕಾರಣವೆಂದು ಮೊದಲು ಶಂಕಿಸಲಾಗಿತ್ತು. ಮುಂದಿನ ಅಧ್ಯಯನಗಳಿಂದ ಇದು ಸೊಂಟದ ಕೀಲು ಮತ್ತು ಬೆನ್ನುಮೂಳೆಗಳನ್ನು ಬಾಧಿಸುವ ಆನುವಂಶಿಕ ಕಾಯಿಲೆಯೆಂದು ಕಂಡುಬಂದಿತು. ಅಂದರೆ ಇದು ನರರೋಗವಲ್ಲ. ಮಂಗನ ಕಾಯಿಲೆಯು ಕೆಲವರಲ್ಲಿ ಮೆದುಳನ್ನು ಬಾಧಿಸಿದರೂ ಅದು ಉಣ್ಣೆಯಿಂದ ಹರಡುವ ವೈರಾಣು ಸೋಂಕು, ವಂಶದಿಂದ ಬರುವುದಿಲ್ಲ. ಹೊರನೋಟಕ್ಕೆ ಒಂದೇ ಬಗೆಯಾಗಿ ಕಾಣುವ ತೊಂದರೆಗಳ ಮೂಲ ಬೇರೆ ಬೇರೆಯಾಗಿರುವುದರಿಂದ ತಪಾಸಣೆಯಿಲ್ಲದೆ ಕಾಯಿಲೆಗೆ ಹೆಸರಿಡುವುದು ಸರಿಯಲ್ಲ.

ವಂಶದಲ್ಲಿ ಬರುವ ಬಗೆ

ಕೆಲವು ಕಾಯಿಲೆಗಳಲ್ಲಿ ತಂದೆ ಅಥವಾ ತಾಯಿ ಒಬ್ಬರಿಂದ ದೋಷಯುಕ್ತ ವಂಶವಾಹಿ ಬಂದರೆ ಸಾಕು. ಹಂಟಿಂಗ್ಟನ್ ಕಾಯಿಲೆ ಮತ್ತು ನಡಿಗೆಯ ತೋಲ ತಪ್ಪಿಸುವ ಕೆಲವು ಅಟಾಕ್ಸಿಯಾಗಳು ಈ ಬಗೆಯವು. ಇಲ್ಲಿ ಪ್ರತಿಯೊಂದು ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ಶೇ. 50. ಇನ್ನು ಕೆಲವು ಕಾಯಿಲೆಗಳಲ್ಲಿ ತಂದೆ ತಾಯಿ ಇಬ್ಬರೂ ಆರೋಗ್ಯವಂತರಾಗಿದ್ದು ದೋಷವನ್ನು ಮೌನವಾಗಿ ಹೊತ್ತಿರುತ್ತಾರೆ. ಇಬ್ಬರಿಂದಲೂ ಅದು ಮಗುವಿಗೆ ಬಂದಾಗ ಮಾತ್ರ ರೋಗ ಕಾಣಿಸುತ್ತದೆ. ಇದರ ಸಾಧ್ಯತೆ ಪ್ರತಿ ಬಸಿರಿನಲ್ಲಿಯೂ ಶೇ. 25. ಸೋದರಮಾವ, ಅತ್ತೆಯ ಮಗ ಮುಂತಾದ ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದಾಗ ಈ ಎರಡನೆಯ ಬಗೆಯ ಕಾಯಿಲೆಗಳ ಸಂಭವ ಹೆಚ್ಚುತ್ತದೆ.

ಮೂರನೆಯದು, ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವ ಬಗೆ. ಡುಶೆನ್ ಸ್ನಾಯುಕ್ಷಯ ಇದಕ್ಕೆ ಉದಾಹರಣೆ. ಇದನ್ನು ಕೇಳಿದ ಕೂಡಲೇ ಸೊಸೆಯ ಮೇಲೆ ತಪ್ಪು ಹೊರಿಸುವ ಕುಟುಂಬಗಳುಂಟು. ಸುಮಾರು ಮೂರನೆಯ ಒಂದು ಭಾಗ ಮಕ್ಕಳಲ್ಲಿ ಈ ದೋಷವು ಹೊಸದಾಗಿ ಉಂಟಾಗಿರುತ್ತದೆ. ತಾಯಿಯಲ್ಲಿ ಅದು ಇರುವುದೇ ಇಲ್ಲ. ಇದ್ದರೂ ಅದು ಆಕೆಯ ತಪ್ಪಲ್ಲ.

ಡುಶೆನ್ ಸ್ನಾಯುಕ್ಷಯ

ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಚಿಹ್ನೆಗಳು ತೋರುತ್ತವೆ. ಬಾಲಕನು ಪದೇ ಪದೇ ಬೀಳುತ್ತಾನೆ, ಮೆಟ್ಟಿಲು ಅಥವಾ ಧರೆ ಹತ್ತಲು ಕಷ್ಟಪಡುತ್ತಾನೆ, ನೆಲದಿಂದ ಏಳುವಾಗ ತನ್ನ ತೊಡೆಗಳ ಮೇಲೆಯೇ ಕೈಯೂರಿ ಏಳುತ್ತಾನೆ. ಮೀನಖಂಡ ದಪ್ಪಗೆ ಕಾಣುವುದರಿಂದ ಮಗು ಪುಷ್ಟವಾಗಿದೆಯೆಂದೇ ಹಿರಿಯರು ತಿಳಿಯುವುದುಂಟು. ಸಿ.ಪಿ.ಕೆ. ಎಂಬ ಸರಳ ರಕ್ತಪರೀಕ್ಷೆಯಿಂದ ಶಂಕೆ ಬಲಪಡುತ್ತದೆ. ವಂಶವಾಹಿ ಪರೀಕ್ಷೆಯಿಂದ ಖಚಿತವಾಗುತ್ತದೆ. ಪೂರ್ಣ ಗುಣಪಡಿಸುವ ಔಷಧಿಯಿಲ್ಲ. ಆದರೆ ವೈದ್ಯರ ಮೇಲ್ವಿಚಾರಣೆಯಲ್ಲಿ ನೀಡುವ ಸ್ಟೀರಾಯ್ಡ್, ವ್ಯಾಯಾಮ ಹಾಗೂ ಹೃದಯ ಮತ್ತು ಉಸಿರಾಟದ ನಿಯತ ತಪಾಸಣೆಗಳಿಂದ ನಡೆದಾಡುವ ಅವಧಿಯೂ ಆಯುಷ್ಯವೂ ಹೆಚ್ಚುತ್ತವೆ.

ಬಾಧಿತ ಮಗುವಿನಲ್ಲಿರುವ ದೋಷ ನಿಖರವಾಗಿ ಗೊತ್ತಾದರೆ ಮಾತ್ರ ತಾಯಿ, ಆಕೆಯ ಸಹೋದರಿಯರು ಮತ್ತು ಮುಂದಿನ ಬಸಿರಿನ ತಪಾಸಣೆಯನ್ನು ನಂಬಿಕೆಯಿಂದ ಮಾಡಲು ಸಾಧ್ಯ. ಆದುದರಿಂದ ಮಗುವಿನ ಪರೀಕ್ಷೆಯನ್ನು ಮುಂದೂಡಬಾರದು, ವರದಿಗಳನ್ನು ಕಳೆಯಬಾರದು. ಭ್ರೂಣದ ತಪಾಸಣೆಯು ನೋಂದಾಯಿತ ಕೇಂದ್ರಗಳಲ್ಲಿ ಮಾತ್ರ ನಡೆಯತಕ್ಕದ್ದು. ಲಿಂಗವನ್ನು ತಿಳಿಸುವುದು 1994ರ ಕಾಯಿದೆಯನ್ವಯ ಅಪರಾಧ.

ಔಷಧಿಗೆ ಬಗ್ಗುವ ಕಾಯಿಲೆಗಳು

ವಿಲ್ಸನ್ ಕಾಯಿಲೆಯಲ್ಲಿ ದೇಹವು ಹೆಚ್ಚುವರಿ ತಾಮ್ರವನ್ನು ಹೊರಹಾಕಲಾರದೆ ಅದು ಯಕೃತ್ತು ಮತ್ತು ಮೆದುಳಿನಲ್ಲಿ ಸೇರುತ್ತದೆ. ಶಾಲೆಗೆ ಹೋಗುವ ಹುಡುಗ ಅಥವಾ ಹುಡುಗಿಯ ಅಕ್ಷರ ಕೆಡುತ್ತದೆ, ಮಾತು ತೊದಲುತ್ತದೆ, ಕೈ ನಡುಗುತ್ತದೆ, ಸ್ವಭಾವ ಬದಲಾಗುತ್ತದೆ. ಮನೆಯವರು ಇದನ್ನು ಹಟವೆಂದೋ ದೋಷವೆಂದೋ ಭಾವಿಸುತ್ತಾರೆ. ಹರಕೆ ಹೊರಲು ಅಡ್ಡಿಯಿಲ್ಲ; ಪರೀಕ್ಷೆ ಮಾತ್ರ ಅದಕ್ಕಾಗಿ ಕಾಯಬಾರದು. ರಕ್ತ, ಮೂತ್ರ ಹಾಗೂ ಕಣ್ಣಿನ ತಪಾಸಣೆಗಳಿಂದ ಇದನ್ನು ಪತ್ತೆ ಮಾಡಬಹುದು. ಪೆನಿಸಿಲಮೈನ್ ಮತ್ತು ಸತುವಿನ ಔಷಧಿಗಳನ್ನು ಬೇಗ ಆರಂಭಿಸಿದರೆ ರೋಗಿಯು ಓದು, ಉದ್ಯೋಗಗಳಲ್ಲಿ ಇತರರಂತೆ ಮುಂದುವರಿಯಬಹುದು. ತಡವಾದಷ್ಟೂ ಉಳಿಯುವ ನ್ಯೂನತೆ ಹೆಚ್ಚು. ಔಷಧಿಯನ್ನು ಜೀವನಪರ್ಯಂತ ಸೇವಿಸಬೇಕು. ಚೆನ್ನಾಗಿದೆಯೆಂದು ನಿಲ್ಲಿಸುವುದು ಪ್ರಾಣಾಪಾಯಕರ. ಒಡಹುಟ್ಟಿದವರು ಆರೋಗ್ಯವಾಗಿ ಕಂಡರೂ ಅವರೆಲ್ಲರನ್ನೂ ಪರೀಕ್ಷಿಸಬೇಕು.

ಪಾರ್ಕಿನ್ಸನ್ ಕಾಯಿಲೆಯು ಹೆಚ್ಚಿನವರಲ್ಲಿ ವಂಶದಿಂದ ಬಂದುದಲ್ಲ. ಅಡಿಕೆ ಸುಲಿಯುವ ಕೈ ನಿಧಾನವಾಗುವುದು, ಸುಮ್ಮನಿರುವಾಗ ಬೆರಳು ನಡುಗುವುದು ಇದರ ಆರಂಭದ ಚಿಹ್ನೆಗಳು. ಲೆವೊಡೋಪಾ ಔಷಧಿಯಿಂದ ಚಲನೆ ಸುಧಾರಿಸುತ್ತದೆ. ನಸುಗುನ್ನಿ ಬೀಜದಲ್ಲಿ ಇದೇ ಅಂಶವಿದೆಯಾದರೂ ಅದರ ಪ್ರಮಾಣವನ್ನು ಮನೆಯಲ್ಲಿ ಅಳೆಯಲಾಗದು. ವೃದ್ಧರ ಮರೆವು ಮತ್ತು ಕಾಲಿನ ಬಲಹೀನತೆಗೆ ಬಿ12 ಜೀವಸತ್ವದ ಕೊರತೆಯೂ ಕಾರಣವಾಗಿರಬಹುದು. ಇದನ್ನು ಮೊದಲೇ ಪರೀಕ್ಷಿಸಿಕೊಳ್ಳುವುದು ಒಳಿತು.

ಸೇವೆಗಳನ್ನು ಪಡೆಯುವ ವಿಧಾನ

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯವರಲ್ಲಿ ತೋರಿಸಿ, ಅಲ್ಲಿಂದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಶಿಫಾರಸು ಪತ್ರ ಪಡೆಯಬಹುದು. ನರರೋಗಗಳ ಉನ್ನತ ತಪಾಸಣೆಯು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಲಭ್ಯವಿದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಅರ್ಹ ರೋಗಿಗಳಿಗೆ ಗುರುತಿಸಲಾದ ಉತ್ಕೃಷ್ಟತಾ ಕೇಂದ್ರಗಳ ಮೂಲಕ ರೂ. 50 ಲಕ್ಷದವರೆಗೆ ನೆರವಿಗೆ ಅವಕಾಶವಿದೆ.

2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿನ 21 ಬಗೆಯ ನ್ಯೂನತೆಗಳಲ್ಲಿ ಸ್ನಾಯುಕ್ಷಯ, ಪಾರ್ಕಿನ್ಸನ್ ಮತ್ತು ದೀರ್ಘಕಾಲದ ನರರೋಗಗಳು ಸೇರಿವೆ. ಯು.ಡಿ.ಐ.ಡಿ. ಗುರುತಿನ ಚೀಟಿಗೆ ಸ್ವಾವಲಂಬನ್ ಅಂತರ್ಜಾಲ ತಾಣದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ಸಹಾಯವನ್ನು ಕೋರಬಹುದು. ನ್ಯೂನತೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿದ್ದಲ್ಲಿ ಮೀಸಲಾತಿ ಮುಂತಾದ ಸೌಲಭ್ಯಗಳಿಗೆ ಅರ್ಹತೆ ದೊರೆಯುತ್ತದೆ. ಈ ಕಾಯಿಲೆಗಳು ಹೆಚ್ಚುತ್ತಾ ಹೋಗುವುದರಿಂದ, ಮೊದಲ ತಪಾಸಣೆಯಲ್ಲಿ ಕಡಿಮೆ ಪ್ರಮಾಣ ನಮೂದಾಗಿದ್ದವರು ಸ್ಥಿತಿ ಬದಲಾದಾಗ ಮರುಪರೀಕ್ಷೆ ಕೋರಬಹುದಾಗಿದೆ.

ಆಸ್ಪತ್ರೆಗೆ ಬರುವಾಗ ಪಡಿತರ ಚೀಟಿ, ಆಧಾರ್ ಹಾಗೂ ಹಳೆಯ ವರದಿಗಳೊಂದಿಗೆ, ಕುಟುಂಬದಲ್ಲಿ ಇಂತಹ ತೊಂದರೆಯಿದ್ದವರ ಹಾಗೂ ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡವರ ವಿವರವನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡು ಬರತಕ್ಕದ್ದು.