ಸತ್ತವೋ, ಜಾಗ ಬದಲಿಸಿದವೋ? ಕಡಲಹಕ್ಕಿಗಳ ಎಣಿಕೆಯಿಂದ ಕಲಿತ ಪಾಠ

ಅಭ್ಯಾಸ ಬೋಧನೆಗೆ ನನಗೆ ದೊರೆತದ್ದು ಕರಾವಳಿಯ ಒಂದು ಪ್ರೌಢಶಾಲೆಯ ಒಂಬತ್ತನೇ ತರಗತಿ. ಪಾಠದ ವಿಷಯ, ಜೀವಿಗಳ ಸಂಖ್ಯೆಯಲ್ಲಿ ಆಗುವ ಬದಲಾವಣೆ. ಉದಾಹರಣೆಗೆ ಬ್ರಿಟನ್ನಿನ ಹೆರಿಂಗ್ ಗಲ್ ಎಂಬ ಕಡಲಹಕ್ಕಿಯನ್ನು ಆರಿಸಿಕೊಂಡೆ. ಅಲ್ಲಿ 1969–70, 1985–88, 1998–2002 ಮತ್ತು 2015–21ರಲ್ಲಿ ದೇಶವ್ಯಾಪಿ ಎಣಿಕೆಗಳು ನಡೆದಿವೆ. ಮೊದಲೆರಡು ಎಣಿಕೆಗಳ ನಡುವೆಯೇ ಕರಾವಳಿಯಲ್ಲಿ ಗೂಡು ಕಟ್ಟುವ ಜೋಡಿಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು. ಕಪ್ಪುಹಲಗೆಯ ಮೇಲೆ ಇಳಿಮುಖ ಗೆರೆ ಎಳೆದು, "ಅಷ್ಟು ಹಕ್ಕಿಗಳು ಸತ್ತವು" ಎಂದುಬಿಟ್ಟೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್, ನಮ್ಮ ಬಂದರಿಗೆ ಚಳಿಗಾಲದಲ್ಲಿ ಇಂಥ ಹಕ್ಕಿಗಳು ರಾಶಿ ಬರ್ತವೆ. ಮಳೆಗಾಲದಲ್ಲಿ ಕಾಣೋದೇ ಇಲ್ಲ. ಅವೆಲ್ಲ ಸಾಯ್ತವಾ?" ನನಗೆ ಉತ್ತರ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆ ಎಂದೆ.

ಆ ರಾತ್ರಿ ಪಾಠಯೋಜನೆಯನ್ನು ಮತ್ತೆ ಬರೆದೆ. ಒಂದು ಜಾಗದ ಸಂಖ್ಯೆ ಹುಟ್ಟು, ಸಾವು, ಒಳಬರುವಿಕೆ, ಹೊರಹೋಗುವಿಕೆ ಈ ನಾಲ್ಕರಿಂದಲೂ ಬದಲಾಗುತ್ತದೆ. ನಮ್ಮ ಬಂದರಿನ ಹಕ್ಕಿಗಳು ಅತಿಥಿಗಳು. ಅವುಗಳಲ್ಲಿ ಕಂದುತಲೆಯ ಗಲ್ ಮರಿ ಮಾಡುವುದು ಲಡಾಖ್, ಟಿಬೆಟ್‌ಗಳ ಎತ್ತರದ ಸರೋವರಗಳ ಬಳಿ. ಹಾರುವ ಹಕ್ಕಿ ಇಂದು ಇಲ್ಲಿ, ನಾಳೆ ಅಲ್ಲಿ. ಆದ್ದರಿಂದಲೇ ತಜ್ಞರು ಗೂಡುಗಳನ್ನು ಎಣಿಸುತ್ತಾರೆ.

ಗೂಡಿನ ಲೆಕ್ಕವೂ ಪೂರ್ತಿ ಕಥೆ ಹೇಳದು. ಹೆರಿಂಗ್ ಗಲ್‌ಗಳಲ್ಲಿ ಹಲವು ಬೊಟುಲಿಸಂ ಎಂಬ ವಿಷಬಾಧೆಯಿಂದ ಸತ್ತವು. ಸ್ಕಾಟ್ಲೆಂಡಿನ ಐಲ್ ಆಫ್ ಮೇ ದ್ವೀಪದಲ್ಲಿ 1972ರಿಂದ ಅವುಗಳನ್ನು ಕೊಂದು ಸಂಖ್ಯೆ ತಗ್ಗಿಸಲಾಯಿತು. ಅದೇ ಕಾಲಕ್ಕೆ ಪಟ್ಟಣಗಳ ಮನೆಮಾಡುಗಳ ಮೇಲೆ ಗೂಡು ಕಟ್ಟುವ ಜೋಡಿಗಳು ಹೆಚ್ಚುತ್ತಿದ್ದವು. ಕರಾವಳಿಯ ಬಂಡೆಗಳನ್ನಷ್ಟೇ ಎಣಿಸಿದರೆ ಇದು ಕಾಣುವುದಿಲ್ಲ. ಇನ್ನೊಂದು ತೊಡಕೂ ಇದೆ. ಈ ಹಕ್ಕಿ ಮರಿ ಮಾಡಲು ತೊಡಗುವುದು ಸುಮಾರು ನಾಲ್ಕನೇ ವರ್ಷದಲ್ಲಿ. ಈ ವರ್ಷ ಮರಿಗಳು ಉಳಿಯದಿದ್ದರೆ, ಗೂಡಿನ ಎಣಿಕೆಯಲ್ಲಿ ಅದು ತಿಳಿಯುವುದು ವರ್ಷಗಳ ನಂತರ.

ಮರುದಿನ ಹಲಗೆಯ ಮೇಲೆ ಅದೇ ಗೆರೆ ಎಳೆದು, ಪಕ್ಕದಲ್ಲಿ ನಾಲ್ಕು ಕಾಲಂ ಹಾಕಿದೆ. ಪ್ರತಿಯೊಂದಕ್ಕೂ ಯಾವ ಸಾಕ್ಷಿ ಬೇಕು ಎಂದು ಕೇಳಿದೆ. "ಕಾಲಿಗೆ ಗುರುತು ಕಟ್ಟಿದರೆ ಎಲ್ಲಿಗೆ ಹೋಯ್ತು ಅಂತ ಗೊತ್ತಾಗ್ತದೆ" ಎಂದಳು ಅದೇ ಹುಡುಗಿ. ಪಕ್ಷಿತಜ್ಞರು ಕಾಲಿಗೆ ಉಂಗುರ ತೊಡಿಸುವುದು ಇದಕ್ಕೇ ಎಂದು ಆಗ ವಿವರಿಸಿದೆ.

ಸಹಪ್ರಶಿಕ್ಷಣಾರ್ಥಿಗಳಿಗೆ ನನ್ನದೊಂದು ಸಲಹೆ: ನಕ್ಷೆ ತೋರಿಸಿದ ಕೂಡಲೇ ಕಾರಣ ಹೇಳಬೇಡಿ. ಏನನ್ನು, ಎಲ್ಲಿ ಎಣಿಸಿದ್ದಾರೆ ಎಂದು ಮೊದಲು ಮಕ್ಕಳನ್ನು ಕೇಳಿ.